ಒಂದು ಚಮಚ ನೀರು

ಇಪ್ಪತ್ತೊಂಬತ್ತು ವರ್ಷ ದಿವಾ ಜಂಕ್ಷನ್ನಿನ ಕ್ಯಾಬಿನ್ನಿನಲ್ಲಿ
ಲಿವರ್ ಎಳೆದವನು ನಮ್ಮಪ್ಪ ಭೀಮಶಾ.
ಯಾವ ಹಳಿ ಎಲ್ಲಿ ಕೂಡುತ್ತದೆ, ಎಲ್ಲಿ ಅಗಲುತ್ತದೆ
ಅವನ ಅಂಗೈಗೆ ಗೊತ್ತಿತ್ತು.
ಈಗ ಒಂದು ಚಮಚ ನೀರು ಯಾವ ಕಡೆ ಇಳಿಯಬೇಕೆಂದು
ಅವನ ಗಂಟಲಿಗೆ ಗೊತ್ತಿಲ್ಲ.

ಠಾಣೆಯ ಆಸ್ಪತ್ರೆಯ ಕತ್ತಲ ಕೋಣೆಯಲ್ಲಿ
ಸುಣ್ಣದ ತಿಳಿಯಂಥದೇನೋ ಕುಡಿಸಿದರು.
ಪರದೆಯ ಮೇಲೆ ಅಪ್ಪನ ಕುತ್ತಿಗೆ, ಮೂಳೆಗಳ ಸಾಲು,
ಚಿನ್ನ ಕಟ್ಟಿಸಿದ ಒಂದು ದವಡೆ ಹಲ್ಲು
ನನಗೆ ಇಷ್ಟು ವರ್ಷ ಕಾಣದೆ ಉಳಿದದ್ದು.

ಕೇತಕಿ ಸಾಳವಿ ಪೆನ್ನಿನ ತುದಿಯಿಂದ ತೋರಿಸಿದಳು:
ನಾಲಿಗೆ ಹಿಂದಕ್ಕೆ ನೂಕುತ್ತದೆ, ಅಷ್ಟೇ ನಮ್ಮ ಕೈಯಲ್ಲಿರುವುದು.
ಆಮೇಲೆ ಅಂಗುಳ ಏರಿ ಮೂಗಿನ ದಾರಿ ಮುಚ್ಚುತ್ತದೆ
ಧ್ವನಿಪೆಟ್ಟಿಗೆ ಎದ್ದು ಮುಂದಕ್ಕೆ ಸರಿಯುತ್ತದೆ
ಅದರ ನೆತ್ತಿಯ ಮೇಲೆ ಎಳೆ ವೀಳ್ಯದೆಲೆಯಂಥ ಮುಚ್ಚಳ ಬಾಗುತ್ತದೆ
ತುತ್ತು ದಾಟುವವರೆಗೆ
ಉಸಿರು ನಿಲ್ಲುತ್ತದೆ.

ಅವಳ ಮರಾಠಿಯನ್ನು ನಾನು ಕನ್ನಡ ಮಾಡಿ ಹೇಳಿದೆ.
ಅಪ್ಪ ಸೊಟ್ಟ ಬಾಯಲ್ಲಿ ಅಂದ:
‘ಅಂದ್ರ ಉಸುರಿನ ಗಾಡಿ ಹೋಮ್ ಸಿಗ್ನಲ್ದಾಗ ನಿಂದರ್ತದ.’
ಹೌದಪ್ಪ.
‘ದಿನಕ್ಕ ಎಷ್ಟ ಸರ್ತಿ?’
ಐನೂರೋ ಆರುನೂರೋ.
‘ಇಷ್ಟ ದಿನ ಯಾರ ಡ್ಯೂಟಿ ಇತ್ತದು?’
ಮಿದುಳಿನ ಬುಡದಾಗ ಒಬ್ಬಾಂವ ಇದ್ದ, ಹೇಳಿದೆ.
ಅಪ್ಪ ಸುಮ್ಮನೆ ಕೂತ. ಬಹಳ ಹೊತ್ತಿನ ಮೇಲೆ
‘ಒಂದ್ ದಿನಾನೂ ರಜಾ ಹಾಕಲಿಲ್ಲ ನೋಡು ಅಂವ’ ಎಂದ,
ತನ್ನ ಪೈಕಿಯವನೊಬ್ಬ ಸತ್ತ ಹಾಗೆ.

ಈಗ ಮನೆಯಲ್ಲಿ ನೀರಿಗೂ ಪುಡಿ ಕಲೆಸುತ್ತೇವೆ
ಚಮಚ ಓರೆ ಮಾಡಿದರೆ ಜೇನಿನಂತೆ ನಿಧಾನ ಬೀಳಬೇಕು.
ಜೋಳದ ಅಂಬಲಿ ಸ್ಲೋ ಲೋಕಲ್, ಅದಕ್ಕೆ ದಾರಿ ಸಿಗುತ್ತದೆ.
ಬರೀ ನೀರು ಫಾಸ್ಟ್.
ಗೇಟು ಬೀಳುವ ಮೊದಲೇ ನುಗ್ಗಿಬಿಡುತ್ತದೆ
ಎದೆಯ ಕಡೆಗೆ.

ಗದ್ದ ಎದೆಗೆ ಹಚ್ಚಪ್ಪ. ನುಂಗು. ಇನ್ನೊಮ್ಮೆ ನುಂಗು. ಈಗ ‘ಆ’ ಅನ್ನು.
‘ಆ’ ಒಣಗಿದ್ದರೆ ಗೆದ್ದೆವು.
ಒದ್ದೆಯಾಗಿ ಗೊರಗುಟ್ಟಿದರೆ ಕೆಮ್ಮು, ಕೆಮ್ಮು, ಕೆಮ್ಮು,
ಕೆಳಗಿನ ಮಾಳಿಗೆಯ ತಾಂಡೇಲರ ಮುದುಕಿಗೂ ಎಚ್ಚರ.
ಊರಲ್ಲಾದರೆ ನೆತ್ತಿ ತಟ್ಟಿ
ಯಾರೋ ನೆನೆಸಿಕೊಂಡರು ಅನ್ನುತ್ತಿದ್ದರು.
ಶಹಾಬಾದಿನಲ್ಲಿ ಉಳಿದವರು ಯಾರು ಇಷ್ಟೊಂದು ನೆನೆಯಲಿಕ್ಕೆ?
ಅಪ್ಪ ಹೆಸರು ಹುಡುಕುತ್ತಾನೆ. ಒಂದು ದಿನ ಅವ್ವನದು,
ಒಂದು ದಿನ ಎಪ್ಪತ್ತೊಂಬತ್ತರಲ್ಲಿ ಸಾಲ ಕೊಟ್ಟ ಗ್ಯಾಂಗ್‌ಮನ್‌ನದು.

ಬಿಸಿತುಪ್ಪ ನುಂಗಲಾಗದು ಉಗುಳಲಾಗದು ಎಂದು
ಮಾತಿಗೆ ಹೇಳುತ್ತಿದ್ದೆವು, ಹೊಟ್ಟೆ ತುಂಬಿದವರು.
ಅವನು ಮೇಲಿನವರ ಬೈಗುಳ ನುಂಗಿದ,
ಸುಳ್ಳು ರಿಪೋರ್ಟೊಂದನ್ನು ಸೊಲ್ಲೆತ್ತದೆ ನುಂಗಿದ,
ಆಗೆಲ್ಲ ಒಂದೂ ಅಡ್ಡದಾರಿ ಹಿಡಿಯಲಿಲ್ಲ.
ತಂಬಿಗೆಯ ನೀರು ಕೇಳುತ್ತಾನೆ ಈಗ. ‘ತಣ್ಣಂದು. ಒಂದ ಗುಟುಕು.
ಪುಡಿ ಬ್ಯಾಡವ್ವ.’
ಕೊಡುವುದಿಲ್ಲ.
ಒದ್ದೆ ಹತ್ತಿಯಿಂದ ತುಟಿ ಒರೆಸುತ್ತೇನೆ,
ಹತ್ತಿಯನ್ನು ಕಚ್ಚಿ ಹಿಡಿಯುತ್ತಾನೆ.

ರಾತ್ರಿ ಪಾಳಿ ಮುಗಿಸಿ ಕಡೆಯ ಲೋಕಲ್ಲಿಗೆ ಬಂದಾಗ
ನನಗೂ ಗಂಟಲು ಆರಿರುತ್ತದೆ.
ಅಡುಗೆಮನೆಯ ದೀಪ ಹಾಕುವುದಿಲ್ಲ.
ನಲ್ಲಿ ಸಣ್ಣಗೆ ಬಿಟ್ಟು, ಆ ಸಪ್ಪಳದ ಮರೆಯಲ್ಲಿ
ಗೋಡೆಯ ಕಡೆ ಮುಖ ಮಾಡಿ ಕುಡಿಯುತ್ತೇನೆ
ಗುಟುಕು ಕೇಳಿಸಬಾರದೆಂದು.

‘ಬಂದೇನವ್ವ?’ ಒಳಗಿನಿಂದ ಅಪ್ಪ.
ಬಾಯಲ್ಲಿ ನೀರಿದೆ.
ಒಂದು ಕ್ಷಣ
ಉತ್ತರ ಕೊಡಲಾಗುವುದಿಲ್ಲ.